ಮಂಗಳದ ಮೇಲೊಂದು ಮಾತು

ತೋವಿನಕೆರೆ
೨೭-೪-೧೯೩೮

ಎಲೈ ಮಹಾಜನಗಳೇ! ಮುಂದೆ ಚಾಪೆಯ ಮೇಲೆ ಕುಳಿತ ಚಿಣ್ಣರೇ, ಹಿಂದೆ ಬೆಂಚಿನ ಮೇಲೆ ರುಮಾಲು ಸುತ್ತಿ ಕುಳಿತ ದೊಡ್ಡವರೇ, ಕಿಟಕಿಯ ಸರಳು ಹಿಡಿದು ನಿಂತ ತಾಯಂದಿರೇ, ಕಿವಿಗೊಟ್ಟು ಕೇಳಿ!

ಹೀಗೆ ಶುರುವಾಗಬೇಕಿತ್ತು ನಾಗಲಿಂಗಾ, ಮೊನ್ನೆ ಭಾನುವಾರ ಮಧುಗಿರಿಯಲ್ಲಿ, ನಮ್ಮ ಶಾಲೆಯ ರಂಗದ ಮೇಲೆ, ನನ್ನ ಕೊನೆಯ ಭಾಷಣ. 'ಎಲೈ ಮಹಾಜನಗಳೇ' ಎಂಬಲ್ಲಿಗೇ ನಿಂತುಹೋಯಿತು. ಉಳಿದದ್ದೆಲ್ಲ ಗಂಟಲಲ್ಲಿ ಕೂತು ಉರಿಯುತ್ತಿದೆ. ಉಗುಳಲು ಸಭೆಯಿಲ್ಲ. ಈಗ ನೀನೊಬ್ಬನೇ ನನ್ನ ಸಭೆ. ಕೂತುಕೋ. ಎದ್ದು ಹೋಗಬೇಡ.

ಕಾಗದದ ತಲೆಯಲ್ಲಿ ಕ್ಷೇಮ ಎಂದು ಬರೆಯುವ ಪದ್ಧತಿಯುಂಟು. ಬರೆಯುವುದಿಲ್ಲ! ನನಗೆ ಕ್ಷೇಮವಿಲ್ಲ, ನಿನಗಿರಲಿ ಎಂದು ಹಾರೈಸುವಷ್ಟು ದೊಡ್ಡ ಮನಸ್ಸೂ ಈಗಿಲ್ಲ.

ನೀನು ಶಾಲೆ ನಡೆಸುವ ಸಂಘದ ಅಧ್ಯಕ್ಷ. ಶಾಲು ಹೊದಿಸಿದೆ, ಒಪ್ಪಿದೆ. ನಮ್ಮ ಶಾಲೆಯ ಮೇಷ್ಟ್ರು, ನಿನ್ನ ತಂಗಿಯ ಅಳಿಯ ಚಂದ್ರಶೇಖರಯ್ಯ ಬಿನ್ನವತ್ತಳೆ ಓದಿದ. ನನ್ನನ್ನು ಮೇರುಪರ್ವತ ಎಂದ, ಒಪ್ಪಿದೆ. ಆಮೇಲೆ ನಾನು ಎದ್ದೆ. ಯಾಕೆ ಎದ್ದೆನೆಂದು ಆ ಸಭೆಯಲ್ಲಿ ನಿನಗಿಂತ ಚೆನ್ನಾಗಿ ಬಲ್ಲವರು ಯಾರು? ಊರೂರು ತಿರುಗಿ ನಾಟಕವಾಡಿ ಆ ಶಾಲೆ ಕಟ್ಟಿದ ವರ್ಷ ನಾವಿಬ್ಬರೇ ಕೂತು ಮಾಡಿದ ಕಟ್ಟಳೆಯಲ್ಲವೇ ಅದು? ಹೆಡ್‌ಮೇಷ್ಟ್ರು ಕುರ್ಚಿ ಬಿಡುವಾಗ ಮುಂದೆ ಕೂರುವವನ ಹೆಸರನ್ನು ತುಂಬಿದ ಸಭೆಯಲ್ಲಿ ಹೇಳಬೇಕು. ಸಭೆ ಚಪ್ಪಾಳೆ ತಟ್ಟಿದರೆ ಆಯಿತು. ಹೇಳದೆ ಹೋದರೆ ಅಧ್ಯಕ್ಷ ಯಾರನ್ನಾದರೂ ಕೂರಿಸಬಹುದು.

ನಾನು ಹೇಳಬೇಕಿದ್ದ ಹೆಸರು ಕದರಪ್ಪ. ಮಿಡಿಗೇಶಿಯ ಕದರಪ್ಪ, ನನ್ನ ಶಿಷ್ಯ, ಅದೇ ಶಾಲೆಯಲ್ಲಿ ಮೇಷ್ಟ್ರು. ಪ್ಲೇಗಿನ ವರ್ಷ ಊರಿಗೆ ಊರೇ ಬಯಲಿನಲ್ಲಿ ಗುಡಿಸಲು ಹಾಕಿಕೊಂಡಾಗ ಹುಣಸೆಮರದ ಕೆಳಗೆ ನಮ್ಮ ಶಾಲೆಯನ್ನು ಬದುಕಿಸಿಟ್ಟ ಕದರಪ್ಪ!

ನಾನು ಬಾಯಿ ತೆರೆದೆ. ನೀನು ಎರಡು ಬೆರಳು ಎತ್ತಿದೆ. ಹಾರ್ಮೋನಿಯಂನವನು ಮಂಗಳ ಎತ್ತಿಕೊಂಡ. ಮಕ್ಕಳೆಲ್ಲ ಎದ್ದು ನಿಂತು ಹಾಡಿದವು. ಕರ್ಪೂರ ಬೆಳಗಿತು. ಮುಗಿಯಿತು.

ಮಂಗಳ ಆದಮೇಲೆ ಪರ್ವತಯ್ಯ ರಂಗದ ಮೇಲೆ ಯಾಕೆ ಮಾತಾಡುವುದಿಲ್ಲವೆಂದು ಬಲ್ಲವನು ಮಧುಗಿರಿಯಲ್ಲಿ ಒಬ್ಬನೇ. ನಾನು ರಾಜನಾಗಿದ್ದಾಗ ಪಕ್ಕದಲ್ಲಿ ರಾಣಿಯಾಗಿ ಸೀರೆಯುಟ್ಟು ನಿಂತವನು. ಮಾತು ಮರೆತಾಗಲೆಲ್ಲ ಹಾರ್ಮೋನಿಯಂ ಕಡೆಗೆ ಎರಡು ಬೆರಳು ಎತ್ತುತ್ತಿದ್ದವನು!

ಯಾಕೆ ಎತ್ತಿದೆ ಬೆರಳು? ಅಷ್ಟು ಹೇಳು.

ಇಂತಿ,
ಬಾಯಿ ಕಟ್ಟಿಸಿಕೊಂಡ
ಪರ್ವತಯ್ಯ


ಸಿರಾ
೯-೫-೧೯೩೮

ಮಿತ್ರ ಪರ್ವತಯ್ಯನಿಗೆ ನಾಗಲಿಂಗಯ್ಯನ ಶರಣು.

ನಿನ್ನ ಕಾಗದ ಮಧುಗಿರಿ ಸುತ್ತಿಕೊಂಡು ಇಲ್ಲಿಗೆ ಬಂತು. ಕಡಲೆಕಾಯಿ ಮಂಡಿಯ ಕೆಲಸದಲ್ಲಿದ್ದೇನೆ. ನಮ್ಮ ನಾಟಕಗಳನ್ನು ನೋಡಿದ್ದ ಇಲ್ಲಿನ ಸಾಬರೊಬ್ಬರು ಈಗಲೂ ಕೇಳುತ್ತಾರೆ, "ನಿಮ್ಮ ರಾಜಾಸಾಬ್ ಹೆಂಗವ್ರೆ? ಏನ್ ಆವಾಜು ಅದು!" ಎಂದು. ಚೆನ್ನಾಗಿದ್ದಾನೆ, ಆವಾಜು ಈಗ ಕಾಗದದಲ್ಲಿ ಬರುತ್ತದೆ ಎಂದೆ.

ಬಿಸಿಲು ಏರಿತ್ತು. ಮಕ್ಕಳು ಹಸಿದಿದ್ದವು. ನೀನು ಎದ್ದರೆ ಸಂಜೆಯಾಗುತ್ತದೆಂದು ಮಂಗಳ ಹಾಡಿಸಿದೆ. ಇದರಲ್ಲಿ ಮರ್ಮ ಹುಡುಕಬೇಡ.

ನೀನು ಹೆಸರು ಹೇಳದೆ ಇಳಿದುಬಂದ ಕಾರಣ, ಕಟ್ಟಳೆಯ ಪ್ರಕಾರ ಚಂದ್ರಶೇಖರಯ್ಯನನ್ನು ತಾತ್ಕಾಲಿಕವಾಗಿ ಕೂರಿಸಿದ್ದೇನೆ. ಹುಡುಗ ಬಿ.ಎ. ಮಾಡಿದ್ದಾನೆ, ಮೃದು ಮಾತಿನವನು. ಕದರಪ್ಪನಿಗೆ ಅನ್ಯಾಯವಾಗಿಲ್ಲ, ಅವನ ಪಾಠ ಅವನಿಗಿದೆ.

ಕರಿಬಸಮ್ಮನವರಿಗೆ ನನ್ನ ನಮಸ್ಕಾರ. ಮಜ್ಜಿಗೆ ಹೆಚ್ಚಾಗಿ ಕುಡಿ.

ಇಂತಿ ನಿನ್ನ
ನಾಗಲಿಂಗಯ್ಯ


ತೋವಿನಕೆರೆ
೧೬-೫-೧೯೩೮

ಮಜ್ಜಿಗೆಯಂತೆ!

ನಾಗಲಿಂಗಾ, ನಿನ್ನ ಕಾಗದವನ್ನು ಜಗಲಿಯ ಮೇಲೆ ನಿಂತು ಗಟ್ಟಿಯಾಗಿ ಓದಿದೆ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಕೇಳಿದರು. ಒಳಗಿನಿಂದ ಕರಿಬಸಮ್ಮ, "ಏನ್ರೀ, ಇಲ್ಲಿ ಕೂಗುದ್ರೆ ಮಧುಗಿರೀಗ್ ಕೇಳ್ತದಾ? ನನ್ ಕಿವಿ ಯಾಕ್ ಒಡೀತೀರಾ?" ಎಂದಳು. ಕೇಳಬೇಕು ಕಣೇ, ಬೆಟ್ಟಕ್ಕೆ ಬಡಿದು ಕೇಳಬೇಕು ಎಂದೆ.

ಮಕ್ಕಳ ಹಸಿವೇ ನಿನಗೆ ಅಷ್ಟು ಮುಖ್ಯವಾಗಿದ್ದರೆ ಚಂದ್ರಶೇಖರಯ್ಯ ಆ ಉದ್ದ ಬಿನ್ನವತ್ತಳೆಯನ್ನು ರಾಗವಾಗಿ ಎರಡೆರಡು ಸಲ ಓದುವಾಗ ನಿನ್ನ ಬೆರಳು ಎಲ್ಲಿತ್ತು? ಜೇಬಿನಲ್ಲಿತ್ತೇ?

ನಾಟಕ ಕಲಿಸಿದ ಬಡವನಹಳ್ಳಿಯ ಜುಂಜಪ್ಪ ಮೇಷ್ಟ್ರು ನಮಗೆ ಹಾರ್ಮೋನಿಯಂ ಮುಟ್ಟಿಸಿ ಆಣೆ ಹಾಕಿಸಿದ್ದು ಮರೆತೆಯಾ? ಮಂಗಳ ಆದಮೇಲೆ ಬಾಯಿ ಬಿಡಬಾರದು. ಬಿಟ್ಟರೆ ಕಲೆ ಹೋಗುತ್ತದೆ, ಮನೆ ಹಾಳಾಗುತ್ತದೆ. ಅದೇ ಮಾತಿನ ಮೇಲೆ ಬದುಕಿದ್ದೇನೆ ನಾನು. ಶಾಲೆಯ ಪ್ರತಿ ಸಮಾರಂಭದ ಕೊನೆಗೂ ಮಂಗಳ ಇಟ್ಟವನು ನಾನು. ಮಂಗಳ ಆದಮೇಲೆ ಒಂದು ಸೂಚನೆ ಕೊಡಬೇಕಾದರೂ ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೇನೆಯೇ ಹೊರತು ತುಟಿ ಬಿಚ್ಚಿದವನಲ್ಲ. ಆ ಗುರುವಿನ ಮಾತನ್ನು ನೀನು ಬೀಗ ಮಾಡಿಕೊಂಡೆಯಲ್ಲೋ! ನನ್ನ ಬಾಯಿಗೆ ಜಡಿದೆಯಲ್ಲೋ!

ನೇರವಾಗಿ ಹೇಳು. ಕದರಪ್ಪ ಯಾಕೆ ಬೇಡ? ಬಿಸಿಲು, ಹಸಿವು, ಮಜ್ಜಿಗೆ ಬಿಟ್ಟು ಹೇಳು. ಗಂಡಸಿನ ಪಾತ್ರ ಒಂದು ಸಲವಾದರೂ ಮಾಡು!

ಪರ್ವತಯ್ಯ


ಮಧುಗಿರಿ
೨೪-೫-೧೯೩೮

ಪರ್ವತಯ್ಯ,

ಕೇಳಿದೆಯಲ್ಲ, ಕೇಳಿಸಿಕೋ.

ನಮ್ಮವರು, ನಿನ್ನ ಜಾತಿಯವರೇ, ನನ್ನ ಜಾತಿಯವರೇ, ನಮ್ಮ ಮನೆಗೆ ಬಂದಿದ್ದರು. ರೇಣುಕಯ್ಯನವರು ಎಲೆಅಡಿಕೆ ಮುಟ್ಟದೆ ಹೇಳಿದರು: "ಕೋಟೆ ಕಾಯ್ಕಂಡಿದ್ದೋರ ಮಗ ಮೇಷ್ಟ್ರಾಗಿ ಲೆಕ್ಕ ಹೇಳ್ಕೊಡ್ಲಿ, ಬ್ಯಾಡ ಅಂದೋರ್ ಯಾರು? ಆದ್ರೆ ಹೆಡ್‌ಮೇಷ್ಟ್ರ ಕುರ್ಚಿ ಮ್ಯಾಲೆ ಕೂತ್ಕಂಡು ನಮ್ಮನ್ನ 'ಬನ್ನಿ' ಅಂತ ಕರೆಸ್ಕಂಡ್ರೆ ನಾವ್ ನಿಂತ್ಕಂಡು ಮಾತಾಡ್ಬೇಕಾ? ಹಂಗಾದ್ರೆ ನಮ್ಮ ಹುಡುಗ್ರುನ್ನ ಬುಡಿಸ್ಕಂಡೋಗ್ತೀವಿ ಸ್ವಾಮಿ." ಅವರ ಹಿಂದೆ ಅರ್ಧ ಪೇಟೆಯಿದೆ. ಅರ್ಧ ಶಾಲೆ ಖಾಲಿಯಾದರೆ ನಿನ್ನ ಕದರಪ್ಪ ಯಾರಿಗೆ ಹೆಡ್‌ಮೇಷ್ಟ್ರು? ಗೋಡೆಗೋ?

ನಾನು ಶಾಲೆ ಉಳಿಸಿದೆ. ಬೈದುಕೋ.

ಇನ್ನೊಂದು ವಿಷಯ. ಕದರಪ್ಪನನ್ನು ಪಾವಗಡದ ಕಡೆ ನಮ್ಮ ಸಂಘದ ಪ್ರಾಥಮಿಕ ಶಾಲೆಗೆ ಕಳಿಸುತ್ತಿದ್ದೇವೆ. ಅವನು ಇಲ್ಲೇ ಇದ್ದರೆ ಚಂದ್ರಶೇಖರಯ್ಯನಿಗೆ ಇರಿಸುಮುರಿಸು.

ನಾಗಲಿಂಗಯ್ಯ


ತೋವಿನಕೆರೆ
೨೮-೫-೧೯೩೮

ಇರಿಸುಮುರಿಸು! ಕುರ್ಚಿ ಕಸಿದದ್ದು ಸಾಲದೆಂದು ಅವನ ನೆರಳೂ ಅಲ್ಲಿ ಬೀಳಬಾರದೇ?

ಥೂ! ಇದಕ್ಕಿಂತ ಹೆಚ್ಚಿಗೆ ಬರೆಯಲು ಕೈ ಬರುತ್ತಿಲ್ಲ. ನಿಬ್ಬು ಮುರಿಯಿತು.

ಪ.


ಪಾವಗಡ ತಾಲ್ಲೂಕಿನಿಂದ
೩-೭-೧೯೩೮

ತೀರ್ಥರೂಪ ಸಮಾನರಾದ ಮೇಷ್ಟ್ರ ಪಾದಗಳಿಗೆ ಕದರಪ್ಪ ಮಾಡುವ ನಮಸ್ಕಾರಗಳು.

ತಾವು ಬರೆದ ಮೂರು ಕಾಗದಗಳೂ ತಲುಪಿದವು. ಉತ್ತರಿಸಲು ತಡವಾದದ್ದಕ್ಕೆ ಕೆಲಸ ಕಾರಣವಲ್ಲ. ಏನು ಬರೆಯಬೇಕೆಂದು ತೋಚಲಿಲ್ಲ.

ಇಲ್ಲಿ ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತವೆ. ನಾನು ಕನ್ನಡದಲ್ಲಿ ಏನು ಹೇಳಿದರೂ "ಅಟ್ಲೇ ಸಾರೂ", ಹಾಗೇ ಆಗಲಿ ಸಾರ್, ಎನ್ನುತ್ತವೆ. ತಿಳಿದರೂ ಅಟ್ಲೇ, ತಿಳಿಯದಿದ್ದರೂ ಅಟ್ಲೇ. ಒಳ್ಳೆಯ ಮಕ್ಕಳು. ನಿಧಾನವಾಗಿ ಒಬ್ಬರಿಗೊಬ್ಬರು ಅರ್ಥವಾಗುತ್ತಿದ್ದೇವೆ.

ನಾಗಲಿಂಗಯ್ಯನವರ ದ್ರೋಹದ ಬಗ್ಗೆ ತಾವು ವಿಸ್ತಾರವಾಗಿ ಬರೆದಿದ್ದೀರಿ. ಅವರಿಂದ ನಾನು ಏನನ್ನೂ ನಿರೀಕ್ಷಿಸಿರಲಿಲ್ಲ. ಆದ್ದರಿಂದ ಅವರ ಮೇಲೆ ನನಗೆ ಸಿಟ್ಟೂ ಇಲ್ಲ.

ಅವತ್ತು ನಮ್ಮ ಅವ್ವ ಕಾಟಮ್ಮ ಮಿಡಿಗೇಶಿಯಿಂದ ಬಂದಿದ್ದಳು. ತಾವೇ ಹೇಳಿ ಕಳಿಸಿದ್ದಿರಿ. ಹೊಸ ಸೀರೆ ಉಟ್ಟು ಹಿಂದುಗಡೆ ಗೋಡೆಗೆ ಒರಗಿ ನಿಂತಿದ್ದಳು. ಎಲ್ಲ ಮುಗಿದಮೇಲೆ ನನ್ನನ್ನು ಕೇಳಿದಳು:

"ಏನ್ಲಾ ಮಗಾ, ಮೇಷ್ಟ್ರು ನಿನ್ ಹೆಸ್ರೇ ಎತ್ತಲಿಲ್ಲ?"

"ಮಂಗ್ಳ ಆಗೋಯ್ತಲ್ಲವ್ವಾ. ಮಂಗ್ಳ ಆದ್ಮೇಲೆ ಅವ್ರು ಮಾತಾಡಲ್ಲ."

"ಮಂಗ್ಳ ಆದ್ರೆ ಮಾತು ಸತ್ತೋಯ್ತದಾ?"

ಮೇಷ್ಟ್ರೇ, ಅವ್ವನನ್ನು ಬಸ್ಸು ಹತ್ತಿಸಿ ಬಂದೆ.

ದಯವಿಟ್ಟು ನನ್ನ ಪರವಾಗಿ ಇನ್ನು ಯಾರಿಗೂ ಕಾಗದ ಬರೆಯಬೇಡಿ. ಆ ಮಾತು ಹೇಳುವ ಜಾಗ ಒಂದೇ ಇತ್ತು. ಅಲ್ಲಿ ಹೇಳದೆ ಇದ್ದದ್ದನ್ನು ಅಂಚೆಯಲ್ಲಿ ಹೇಳಿ ಪ್ರಯೋಜನವಿಲ್ಲ.

ತಮ್ಮ ವಿಧೇಯ ಶಿಷ್ಯ,
ಕದರಪ್ಪ


ತೋವಿನಕೆರೆ
೧೮-೭-೧೯೩೮

ನಾಗಲಿಂಗಾ,

ಇದರೊಂದಿಗೆ ಕದರಪ್ಪ ನನಗೆ ಬರೆದ ಕಾಗದವನ್ನು ಕಳಿಸಿದ್ದೇನೆ. ಓದು. ಎರಡು ಸಲ ಓದು, ನಿನ್ನ ಚಂದ್ರಶೇಖರಯ್ಯ ಬಿನ್ನವತ್ತಳೆ ಓದಿದ ಹಾಗೆ!

ಓದಿದೆಯಾ? ಆ ಹುಡುಗ ಸಿಟ್ಟಾಗಿರುವುದು ನನ್ನ ಮೇಲೆ! ನನ್ನ ಮೇಲೆ, ನಾಗಲಿಂಗಾ! ಅಕ್ಷರ ತಿದ್ದಿಸಿದವನ ಮೇಲೆ, ಬೆನ್ನು ತಟ್ಟಿ 'ನೀನೇ ನನ್ನ ನಂತರ' ಎಂದವನ ಮೇಲೆ! ಬೀಗ ಹಾಕಿದವನು ನೀನು, ಕಳ್ಳನಾದವನು ನಾನು. ಆ ಹೆಂಗಸು ಗೋಡೆಗೆ ಒರಗಿ ನಿಂತದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಮಂಗಳ ನಡೆಯುತ್ತಿರುವಾಗಲೂ ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಕರ್ಪೂರವನ್ನು ನೋಡಲಿಲ್ಲ.

ಇದೆಲ್ಲ ನಿನ್ನ ಎರಡು ಬೆರಳಿನ ಪಾಪ. ಅನುಭವಿಸು. ನಿನ್ನ ಮುಖ ಇನ್ನು ನೋಡುವುದಿಲ್ಲ.

ಪರ್ವತಯ್ಯ


ಮಧುಗಿರಿ
೪-೮-೧೯೩೮

ಪರ್ವತ,

ಇಷ್ಟು ದಿನ ನಿನ್ನ ಬೈಗುಳ ತಿಂದೆ. ಇವತ್ತು ನನಗೂ ಸಿಟ್ಟು ಬಂದಿದೆ. ಈಗ ನಿನ್ನ ಸರದಿ. ನೀನು ಕೂತುಕೋ. ಎದ್ದು ಹೋಗಬೇಡ.

ಬೆರಳು ಎತ್ತಿದ್ದು ನಾನು, ಒಪ್ಪಿಕೊಂಡೆ. ಬೇಕೆಂದೇ ಎತ್ತಿದೆ. ಆದರೆ ಜುಂಜಪ್ಪ ಮೇಷ್ಟ್ರ ಆಣೆಯನ್ನು ನೀನು ಪೂರ್ತಿ ಬರೆಯಲಿಲ್ಲ. ಒಂದು ಪದ ನುಂಗಿಕೊಂಡೆ. ಮಂಗಳ ಆದಮೇಲೆ 'ಬಣ್ಣದ ಬಾಯಿ' ಬಿಡಬಾರದು ಎಂದಿದ್ದರು ಗುರುಗಳು. ಬಣ್ಣದ ಬಾಯಿ! ಕಿರೀಟ ಇಟ್ಟು, ಮೀಸೆ ಅಂಟಿಸಿ, ಮುಖಕ್ಕೆ ಬಣ್ಣ ಮೆತ್ತಿಕೊಂಡ ಬಾಯಿ. ಆಟ ಮುಗಿದಮೇಲೆ ಅವರೇ ಏನು ಮಾಡುತ್ತಿದ್ದರು? ಕೊಬ್ಬರಿ ಎಣ್ಣೆ ಹಚ್ಚಿದ ಬಟ್ಟೆ ನಮ್ಮ ಮುಖದ ಮೇಲೆ ಎಸೆದು, "ಒರೆಸ್ಕಳ್ರಲಾ. ಹೂಂ, ಈಗ ಮನುಷ್ಯರಾದ್ರಿ. ಈಗ ಏನ್ ಬೊಗಳ್ತೀರೋ ಬೊಗಳಿ" ಎನ್ನುತ್ತಿರಲಿಲ್ಲವೇ? ಅದೇ ರಂಗದ ಮೇಲೆ, ಕರ್ಪೂರದ ಬಿಸಿ ಆರುವ ಮೊದಲೇ, ನೀನು ನನ್ನ ಜೊತೆ ಜಗಳ ಆಡುತ್ತಿರಲಿಲ್ಲವೇ?

ಅವತ್ತು ಸಭೆಯಲ್ಲಿ ನಿನ್ನ ಮುಖಕ್ಕೆ ಯಾವ ಬಣ್ಣ ಇತ್ತು, ಪರ್ವತ?

ನಾನು ಬೆರಳು ಎತ್ತಿ ನಿನ್ನನ್ನೇ ನೋಡಿದೆ. ಇವನು ಈಗ ಗುಡುಗುತ್ತಾನೆ, ಹಾರ್ಮೋನಿಯಂ ಮುಚ್ಚಿಹೋಗುವ ಹಾಗೆ ಆ ಹೆಸರು ಹೇಳುತ್ತಾನೆ, ನನ್ನ ಮಾನ ಹೋಗುತ್ತದೆ ಎಂದುಕೊಂಡೆ. ನೀನು ಕೈ ಮುಗಿದೆ. ಕಣ್ಣು ಮುಚ್ಚಿಕೊಂಡೆ. ನಿನ್ನ ಮುಖವನ್ನು ಅಷ್ಟು ವರ್ಷ ರಂಗದ ಮೇಲೆ ಒಂದು ಮೊಳ ದೂರದಿಂದ ನೋಡಿದವನು ನಾನು. ಅಲ್ಲಿ ಇದ್ದದ್ದು ಸಿಟ್ಟಲ್ಲ, ಪಾರಾದೆನೆಂಬ ನೆಮ್ಮದಿ. ಸಿಟ್ಟು ನಿನಗೆ ಬಂದದ್ದು ತೋವಿನಕೆರೆಗೆ ಹೋದಮೇಲೆ.

ಮತ್ತೊಂದು ಕೇಳು. ಕದರಪ್ಪನ ಹೆಸರನ್ನು ನನಗೆ ಹೇಳಿದ್ದು ನಿನ್ನ ಮನೆಯ ಹಿತ್ತಲಲ್ಲಿ. ಅವನಿಗೆ ಹೇಳಿದ್ದು ಕಿವಿಯಲ್ಲಿ. ಅವನ ತಾಯಿಗೆ ಹೇಳಿ ಕಳಿಸಿದ್ದು ಗುಟ್ಟಾಗಿ. ನೀನು ರಜೆ ಹಾಕಿದಾಗಲೆಲ್ಲ ಕುರ್ಚಿಯಲ್ಲಿ ಕೂರಿಸಿದ್ದು ಯಾರನ್ನು? ಚಂದ್ರಶೇಖರಯ್ಯನನ್ನು. ನೆನಪಿದೆಯಾ? 'ಉಪ್ಪು ಹೆಚ್ಚಾಯಿತು' ಎಂಬುದನ್ನೂ ಬೆಟ್ಟಕ್ಕೆ ಕೇಳುವಂತೆ ಕೂಗುವ ಮನುಷ್ಯ, ಈ ಒಂದು ಹೆಸರನ್ನು ಮಾತ್ರ ಪಿಸುಗುಟ್ಟಿದೆ. ಯಾಕೆ?

ರೇಣುಕಯ್ಯನವರಿಗೆ ನಾನು ಹೆದರಿದೆ. ಅದನ್ನು ನಿನಗೆ ಬರೆದೂ ಇದ್ದೇನೆ. ನೀನು ಯಾರಿಗೆ ಹೆದರಿದೆ?

ಹದಿನಾಲ್ಕನೇ ತಾರೀಕು ಭಾನುವಾರ ಬೆಳಿಗ್ಗೆ ಶಾಲೆಯಲ್ಲಿ ಸಂಘದ ವಾರ್ಷಿಕ ಸಭೆ. ಅವತ್ತು ಚಂದ್ರಶೇಖರಯ್ಯನನ್ನು ಕಾಯಂ ಮಾಡುತ್ತೇವೆ. ನೀನು ಸಂಘದ ಆಜೀವ ಸದಸ್ಯ, ಬರುವ ಹಕ್ಕಿದೆ. ಬರುವುದಿಲ್ಲವೆಂದು ಗೊತ್ತು. ಮನೆಯಲ್ಲಿ ಕೂತು ನನಗೊಂದು ಕಾಗದ ಬರೆ.

ನಾಗಲಿಂಗ


ಮಿಡಿಗೇಶಿ
೧೩-೮-೧೯೩೮, ಮಧ್ಯಾಹ್ನ

ಲೇ ನಾಗಲಿಂಗಾ!

ಮೇಲೆ ಊರಿನ ಹೆಸರು ನೋಡು. ತೋವಿನಕೆರೆಯಲ್ಲ. ಕಾಟಮ್ಮನ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಎದುರಿಗೆ ಕೋಟೆ ಬೆಟ್ಟ ಕೂತು ನನ್ನನ್ನೇ ನೋಡುತ್ತಿದೆ. ಈ ಕಾಗದವನ್ನು ಸಂಜೆಯ ಬಸ್ಸಿನ ಡ್ರೈವರ್ ಚಿಕ್ಕರಂಗಯ್ಯನ ಕೈಗೆ ಕೊಡುತ್ತೇನೆ. ನನ್ನ ಹಳೇ ವಿದ್ಯಾರ್ಥಿ, ನಿನ್ನ ಮನೆ ಬಾಗಿಲಿಗೇ ತಂದು ಕೊಡುತ್ತಾನೆ. ನಿನ್ನ ಹಾಗೆ ಬೆನ್ನ ಹಿಂದೆ ಬೆರಳು ಆಡಿಸುವವನಲ್ಲ ನಾನು; ಮುಂಚಿತವಾಗಿ ತಿಳಿಸಿ ಬರುತ್ತೇನೆ.

ನಿನ್ನ ಕಾಗದ ಬಂದ ದಿನ ನಾನು ಕೂಗಲಿಲ್ಲ. ಕರಿಬಸಮ್ಮ ಗಾಬರಿಯಾಗಿ, "ಯಾಕ್ರೀ, ಮೈಗ್ ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿದಳು. ಮಾರನೇ ದಿನವೂ ಕೂಗಲಿಲ್ಲ. ಅದರ ಮಾರನೇ ದಿನ ಅವಳೇ ಚೀಲಕ್ಕೆ ಎರಡು ಪಂಚೆ ತುರುಕಿ, "ಎಲ್ಲಿಗ್ ಹೋಗ್ಬೇಕೋ ಹೋಗ್ಬನ್ನಿ. ಸುಮ್ಕೆ ಕುಂತಿರೋ ನಿಮ್ಮುನ್ನ ನೋಡಕ್ಕಾಗಲ್ಲ" ಎಂದು ಕಳಿಸಿದಳು.

ಕಾಟಮ್ಮ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಡಲಿಲ್ಲ.

"ಬನ್ನಿ ಸಾಮಿ. ನೀರ್ ಕೊಡ್ಲಾ, ಇಲ್ಲಾ ನಮ್ ಚೊಂಬು ಆಗಾಕಿಲ್ವಾ?"

ಕೊಡಮ್ಮ ಎಂದೆ. ಕುಡಿದೆ. ಅವಳು ನಾನು ನುಂಗುವುದನ್ನೇ ನೋಡುತ್ತಿದ್ದಳು.

"ಗಂಟ್ಲು ಸರ್ಯಾಗೈತಲ್ಲ," ಎಂದಳು. "ಅವತ್ತು ಕಟ್ಟಿತ್ತಾ?"

ನಾನು ಶುರುಮಾಡಿದೆ, ನಾಗಲಿಂಗಾ. ನಿನ್ನ ದ್ರೋಹ, ನಿನ್ನ ಬೆರಳು, ಜುಂಜಪ್ಪ ಮೇಷ್ಟ್ರು, ಆಣೆ, ಮಂಗಳ, ರೇಣುಕಯ್ಯ, ಪೇಟೆಯವರು! ಎದ್ದು ನಿಂತೆ. ತೋಳೆತ್ತಿದೆ. ಅಕ್ಕಪಕ್ಕದವರು ಬಂದು ಸೇರಿದರು. ಕೋಳಿಗಳು ಓಡಿಹೋದವು. ಕದರಪ್ಪನೇ ಯೋಗ್ಯ, ಕದರಪ್ಪನೇ ಹೆಡ್‌ಮೇಷ್ಟ್ರು ಎಂದು ಕೋಟೆಗೆ ಬಡಿದು ಬರುವಂತೆ ಗುಡುಗಿದೆ!

ಕಾಟಮ್ಮ ಮೊರ ಕೊಡವಿದಳು.

"ಇಲ್ ಕೂಗುದ್ರೆ ಏನ್ ಬಂತು ಸಾಮಿ? ನನ್ ಮಗ ಯೋಗ್ಯ ಅಂತ ನಂಗೊತ್ತಿಲ್ವಾ? ಈ ಜಗುಲಿ ಮ್ಯಾಲೆ ಏನ್ ಕೂಗಿದ್ರೋ ಅದ್ನ ಅಲ್ ಹೋಗಿ ಕೂಗಿ. ಇಲ್ದಿದ್ರೆ ಸುಮ್ಕಿರಿ, ನಮ್ ಕೋಳಿ ಮೊಟ್ಟೆ ಇಡಾಕಿಲ್ಲ."

ಸುತ್ತ ನಿಂತವರೆಲ್ಲ ನಕ್ಕರು. ನನ್ನ ಜೀವಮಾನದಲ್ಲಿ ಯಾವ ಸಭೆಯೂ ನನ್ನನ್ನು ನೋಡಿ ಹಾಗೆ ನಕ್ಕಿರಲಿಲ್ಲ.

ನೀನು ಕೇಳಿದ್ದೀಯೆ, ಯಾರಿಗೆ ಹೆದರಿದೆ ಎಂದು. ನಿನಗೆ ಉತ್ತರ ಕೊಡುವುದಿಲ್ಲ! ನಿನಗೆ ಆ ಅಧಿಕಾರವಿಲ್ಲ. ಅವಳಿಗೆ ಕೊಟ್ಟೆ. ಸುತ್ತಲಿನವರು ಹೋದಮೇಲೆ, ಕೂಗದೆ ಹೇಳಿದೆ. ಅವಳು ಕೇಳಿಸಿಕೊಂಡು, "ಹೂಂ" ಎಂದು ಒಳಗೆ ಹೋದಳು. ಹೊರಗೆ ಬಂದಾಗ ಕೈಯಲ್ಲಿ ಆ ಹೊಸ ಸೀರೆಯಿತ್ತು. ಏಪ್ರಿಲ್‌ನಿಂದ ಮಡಿಸಿಟ್ಟದ್ದು. ಕೊಡವಿ ಬಿಸಿಲಿಗೆ ಹರವಿದಳು. ಈಗ ನನ್ನ ಕಣ್ಣೆದುರಿಗೇ ಹಾರಾಡುತ್ತಿದೆ.

ಕದರಪ್ಪನಿಗೂ ಹೇಳಿ ಕಳಿಸಿದ್ದೇನೆ. ಬರುತ್ತಾನೋ ಇಲ್ಲವೋ ಅವನ ಇಷ್ಟ. ಚಪ್ಪಾಳೆ ಬೀಳುತ್ತದೋ ಕಲ್ಲು ಬೀಳುತ್ತದೋ ಸಭೆಯ ಇಷ್ಟ. ರೇಣುಕಯ್ಯನವರಿಗೆ ಮುಂದಿನ ಬೆಂಚು ಕೊಡು, ಚೆನ್ನಾಗಿ ಕೇಳಿಸಲಿ.

ಹಾರ್ಮೋನಿಯಂ ತರಿಸಿಟ್ಟುಕೋ. ಎರಡು ಬೆರಳಲ್ಲ, ಹತ್ತೂ ಬೆರಳು ಎತ್ತು! ಸಭೆ ಶುರುವಾಗುವ ಮೊದಲೇ ಮಂಗಳ ಹಾಡಿಸು, ಬೇಕಾದರೆ ಮಧ್ಯದಲ್ಲೊಂದು, ಕೊನೆಗೊಂದು. ಕರ್ಪೂರ ನಾನೇ ತರುತ್ತೇನೆ.

ನಾಳೆ ಬೆಳಿಗ್ಗೆ ಇಲ್ಲಿನ ಬಾವಿಯಲ್ಲಿ ನೀರು ಸೇದಿ, ಕೊಬ್ಬರಿ ಎಣ್ಣೆ ಬಟ್ಟೆಯಲ್ಲಿ ಈ ಮುಖವನ್ನು ಚೆನ್ನಾಗಿ ಉಜ್ಜಿ ಒರೆಸಿಕೊಂಡು, ಕಾಟಮ್ಮನ ಜೊತೆ ಮೊದಲನೇ ಬಸ್ಸು ಹತ್ತುತ್ತೇನೆ. ಅವಳನ್ನು ಗೋಡೆಗೆ ಒರಗಲು ಬಿಡುವುದಿಲ್ಲ. ಮುಂದೆ ಕೂರಿಸುತ್ತೇನೆ. ನಿನ್ನ ಮಂಗಳ ಮುಗಿಯುವವರೆಗೂ ಕೈಮುಗಿದು ನಿಂತಿರುತ್ತೇನೆ, ಕಣ್ಣು ತೆರೆದುಕೊಂಡು. ಆಮೇಲೆ ಅದೇ ಜಾಗದಲ್ಲಿ ನಿಂತು ಆ ಹೆಸರು ಹೇಳುತ್ತೇನೆ.

ಪರ್ವತಯ್ಯ